ಮೇಲೆ ತಿಳಿ, ತಳದಲ್ಲಿ ಗಸಿ

ಪೋರ್ಟ್‌ಲ್ಯಾಂಡ್, ಒರೆಗಾನ್
ನವೆಂಬರ್ 16

ಪ್ರೀತಿಯ ಅಣ್ಣ,

ನಮಸ್ಕಾರ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಅಮ್ಮನ ಮಂಡಿನೋವು ಈಗ ಹೇಗಿದೆ?

ನಾನು ಮನೆಯಲ್ಲೇ ಮಾಡಿದ ಬಿಯರ್‌ನ ಫೋಟೋ ನೋಡಿ, ಬಾಟಲಿಯ ತಳದಲ್ಲಿ ಅದೇನು ಮಣ್ಣು, ಕೆಟ್ಟುಹೋಗಿದೆಯಾ ಅಂತ ಕೇಳಿದ್ದೆ. ಕೆಟ್ಟಿಲ್ಲ. ಅದು ಯೀಸ್ಟ್, ಬಿಯರ್ ಹುದುಗಿಸುವ ಸೂಕ್ಷ್ಮಜೀವಿ. ಬಾಟಲಿಗೆ ತುಂಬುವಾಗ ಬಿಯರ್‌ನಲ್ಲಿ ಗ್ಯಾಸ್, ಅಂದರೆ ನೊರೆ ಬರಿಸುವ ಕಾರ್ಬನ್ ಡೈಆಕ್ಸೈಡ್, ಇರುವುದೇ ಇಲ್ಲ ಅನ್ನಬಹುದು. 19 ಲೀಟರಿಗೆ ಸುಮಾರು 110 ಗ್ರಾಂ ಸಕ್ಕರೆಯನ್ನು ಪಾಕ ಮಾಡಿ ಬೆರೆಸಿ, ಮುಚ್ಚಳ ಒತ್ತಿ, 2 ವಾರ ಬೆಚ್ಚಗೆ ಇಡುತ್ತೇನೆ. ಯೀಸ್ಟ್ ಆ ಸಕ್ಕರೆ ತಿಂದು ಗ್ಯಾಸ್ ಬಿಡುತ್ತದೆ. ಹೊರಗೆ ಹೋಗಲು ದಾರಿಯಿಲ್ಲದೆ ಅದು ಬಿಯರ್‌ನಲ್ಲೇ ಕರಗುತ್ತದೆ. ಕೆಲಸ ಮುಗಿಸಿದ ಯೀಸ್ಟ್ ತಳಕ್ಕೆ ಕೂರುತ್ತದೆ. ಆ ಗಸಿ ಇಲ್ಲದಿದ್ದರೆ ನೊರೆಯೂ ಇಲ್ಲ.

ಅಮ್ಮ ತಿಳಿಸಾರು ಬಡಿಸುವಾಗ ಸೌಟು ತಳಕ್ಕೆ ತಾಗಿಸುವುದಿಲ್ಲ ಅಲ್ವಾ? ಇದೂ ಹಾಗೇ. ಬಾಟಲಿಯನ್ನು ಹಿಂದಿನ ದಿನವೇ ಫ್ರಿಜ್‌ನಲ್ಲಿ ನಿಲ್ಲಿಸಿಡಬೇಕು, ಮಲಗಿಸಬಾರದು. ಗ್ಲಾಸ್ ಓರೆಯಾಗಿ ಹಿಡಿದು ಒಂದೇ ಸಲಕ್ಕೆ ನಿಧಾನವಾಗಿ ಬಗ್ಗಿಸಬೇಕು. ನಡುವೆ ಬಾಟಲಿ ನೆಟ್ಟಗೆ ಮಾಡಿದರೆ ಗಸಿ ಎದ್ದುಬಿಡುತ್ತದೆ. ಕುತ್ತಿಗೆಯ ಹತ್ತಿರ ಹೊಗೆಯಂತೆ ಒಂದು ಎಳೆ ಕಂಡ ತಕ್ಷಣ ನಿಲ್ಲಿಸಬೇಕು. ಬೆರಳಿನಷ್ಟು ಉಳಿದರೆ ಉಳಿಯಲಿ. ಬವೇರಿಯಾದ ಗೋಧಿ ಬಿಯರ್ ಮಾತ್ರ ಬೇರೆ, ಅಲ್ಲಿಯವರು ಕೊನೆಯದನ್ನು ಅಲ್ಲಾಡಿಸಿ ಗಸಿ ಸಮೇತ ಸುರಿದುಕೊಳ್ಳುತ್ತಾರೆ.

ಹೋದ ತಿಂಗಳು ಹಳೆಯ ಕೆಗ್ ಒಂದು ಕೊಂಡೆ. 19 ಲೀಟರಿನ ಸ್ಟೀಲ್ ಪಾತ್ರೆ, ಹಿಂದೆ ಕೋಲಾ ಸಿರಪ್ ತುಂಬುತ್ತಿದ್ದದ್ದು. ಇದಕ್ಕೆ ಸಕ್ಕರೆ ಬೇಡ, ಸಿಲಿಂಡರ್‌ನಿಂದ ಅದೇ ಕಾರ್ಬನ್ ಡೈಆಕ್ಸೈಡ್ ಕೊಟ್ಟರೆ ಸಾಕು. ಗಸಿಯೇ ಇರುವುದಿಲ್ಲ ಅಂದುಕೊಂಡಿದ್ದೆ. ಇತ್ತು. ಬಿಯರ್ ಎಳೆಯುವ ಕೊಳವೆ ತಳದವರೆಗೂ ಇಳಿದಿರುತ್ತದೆ, ಹಾಗಾಗಿ ಮೊದಲ ಎರಡು ಗ್ಲಾಸ್ ಅಕ್ಕಿ ತೊಳೆದ ನೀರಿನ ಹಾಗೆ ಬಂತು. ಮೂರನೆಯದು ಎಷ್ಟು ತಿಳಿ ಅಂದರೆ, ಗ್ಲಾಸಿನ ಆಚೆ ನನ್ನ ಬೆರಳಿನ ಗೆರೆ ಕಾಣುತ್ತಿತ್ತು! ಕೆಗ್ ಅನ್ನು ಜರುಗಿಸದೆ ಸುಮ್ನೆ ಬಿಟ್ಟರೆ ಕೊನೆಯವರೆಗೂ ಹಾಗೇ ಬರುತ್ತದೆ.

ಆದರೂ ಬಾಟಲಿ ತುಂಬುವುದನ್ನು ಬಿಡುವುದಿಲ್ಲ. ಕೆಗ್ ಹೊತ್ತುಕೊಂಡು ಯಾರ ಮನೆಗೂ ಹೋಗಲು ಆಗುವುದಿಲ್ಲ. ನೀನು ಏಪ್ರಿಲ್‌ನಲ್ಲಿ ಬರುತ್ತೀಯಲ್ಲ, ನಿನಗೆ ಅಂತ ಆರು ಬಾಟಲಿ ನೆಟ್ಟಗೆ ನಿಲ್ಲಿಸಿ ಎತ್ತಿಟ್ಟಿದ್ದೇನೆ. ಮೊದಲನೆಯದನ್ನು ನೀನೇ ಬಗ್ಗಿಸಬೇಕು.

ಅಮ್ಮನಿಗೆ, ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸು.

ಇಂತಿ ನಿನ್ನ ತಮ್ಮ