ಮೊದಲ ಆಲ್ಬಮ್‌ಗಳ ನೆನಪು

ಮಾನ್ಯರೇ,

ಬ್ರಿಟನ್ನಿನ ರಾಕ್ ಸಂಗೀತ ತಂಡ ಡೈರ್ ಸ್ಟ್ರೇಟ್ಸ್‌ನ ಗಾಯಕ, ಗಿಟಾರ್ ವಾದಕ ಮಾರ್ಕ್ ನಾಪ್‌ಫ್ಲರ್ ಅವರನ್ನು ನನ್ನ ವಯಸ್ಸಿನ ಹೆಚ್ಚಿನವರು ಬಲ್ಲುದು 1985ರ ‘ಬ್ರದರ್ಸ್ ಇನ್ ಆರ್ಮ್ಸ್’ ಆಲ್ಬಮ್ಮಿನಿಂದ. ಅವರ ಆರಂಭದ ಸಂಗೀತ ನಮಗೆ ವಿರಾಜಪೇಟೆಯಲ್ಲಿ ದೊರೆತದ್ದು ಆಮೇಲೆ, ಬೆಂಗಳೂರಿನಲ್ಲಿ ಓದುತ್ತಿದ್ದ ಚಿಕ್ಕಪ್ಪನ ಮಗ ರಜೆಗೆ ತಂದ ತೊಂಬತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ. ಅದರ ಒಂದು ಬದಿಗೆ 1978ರ ಮೊದಲ ಆಲ್ಬಮ್, ಇನ್ನೊಂದು ಬದಿಗೆ 1979ರ ‘ಕಮ್ಯುನಿಕೆ’.

ಜುಲೈ ಮಳೆಗೆ ಮೂರು ದಿನಗಳಿಂದ ಕರೆಂಟ್ ಇಲ್ಲದ ತೋಟದ ಮನೆಯಲ್ಲಿ, ಬ್ಯಾಟರಿ ಹಾಕಿದ ಟೇಪ್ ರೆಕಾರ್ಡರಿನಲ್ಲಿ ಅದನ್ನು ಕೇಳಿದಾಗ, ಹೆಂಚಿನ ಮೇಲಿನ ಮಳೆಯ ಸದ್ದನ್ನು ದಾಟಿ ಗಿಟಾರಿನ ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕಿವಿಗೆ ಬಿದ್ದದ್ದು ಇಂದಿಗೂ ನೆನಪಿದೆ. ನಾಪ್‌ಫ್ಲರ್ ಅವರು ಪಿಕ್ (ತಂತಿ ಮೀಟುವ ಪುಟ್ಟ ಬಿಲ್ಲೆ) ಹಿಡಿಯದೆ ಬೆರಳುಗಳಿಂದಲೇ ತಂತಿ ಮೀಟುತ್ತಾರೆಂದು ತಿಳಿದದ್ದು ಬಹಳ ತಡವಾಗಿ. ಬ್ಯಾಟರಿ ಇಳಿದಂತೆ ಹಾಡು ಎಳೆಯತೊಡಗುತ್ತಿತ್ತು. ಅದೇ ಅದರ ನಿಜವಾದ ಲಯವೆಂದು ನನ್ನ ತಮ್ಮ ಎಷ್ಟೋ ಕಾಲ ನಂಬಿದ್ದ. ಮಳೆಗಾಲ ಮುಗಿಯುವಷ್ಟರಲ್ಲಿ ಟೇಪಿಗೆ ಬೂಷ್ಟು ಹಿಡಿದಿತ್ತು.

ನಂತರದ ಆಲ್ಬಮ್‌ಗಳಲ್ಲಿ ವಾದ್ಯಗಳು ಹೆಚ್ಚಾದವು, ಖ್ಯಾತಿಯೂ ಹೆಚ್ಚಿತು. ಆದರೆ ಎರಡು ಗಿಟಾರ್, ಬಾಸ್ ಮತ್ತು ಡ್ರಮ್ಸ್‌ಗಳಷ್ಟರಲ್ಲೇ ಕತೆ ಹೇಳುವ ಆ ಮಿತವ್ಯಯ ಮತ್ತೆ ಅಷ್ಟಾಗಿ ಕಾಣಲಿಲ್ಲವೆಂಬುದು ನನ್ನ ಅಭಿಪ್ರಾಯ. ನಾಪ್‌ಫ್ಲರ್ ಸಂಗೀತಕ್ಕೆ ಬರುವ ಮುನ್ನ ಲೀಡ್ಸ್ ನಗರದ ಪತ್ರಿಕೆಯೊಂದರಲ್ಲಿ ವರದಿಗಾರರಾಗಿದ್ದರೆಂಬುದು ತಮಗೆ ಹಿತವೆನಿಸೀತು.

ಕೊಡಗಿನ ತೋಟದ ಮನೆಗಳ ಅಟ್ಟದಲ್ಲಿ ಇಂತಹ ಕ್ಯಾಸೆಟ್ಟುಗಳು ಇನ್ನೂ ಇರಬಹುದು. ಅವುಗಳನ್ನು ಮೊದಲು ಕೇಳಿದವರ ನೆನಪುಗಳಿಗೆ ತಮ್ಮ ಭಾನುವಾರದ ಪುರವಣಿಯಲ್ಲಿ ಒಂದಿಷ್ಟು ಜಾಗ ಕೊಡಬೇಕೆಂದು ಕೋರುತ್ತೇನೆ.

– ಓರ್ವ ಓದುಗ, ವಿರಾಜಪೇಟೆ