ಮರೆವು ಮತ್ತು ಗಿಡದ ಮಾತ್ರೆ

"ಅಮ್ಮ ಒಂದೇ ಪ್ರಶ್ನೆಯನ್ನ ಮೂರು ಸಲ ಕೇಳ್ತಾರೆ. ಗಿಂಕ್ಗೊ ಮಾತ್ರೆ ಶುರು ಮಾಡಿದ್ರೆ ಆಲ್‌ಝೈಮರ್ ಬರೋದಿಲ್ಲ ಅಲ್ವಾ?" ಸಂಘದ ಸದಸ್ಯೆಯೊಬ್ಬರು ಫೋನ್ ಮಾಡಿ ಕೇಳಿದರು. ದನಿ ನಡುಗುತ್ತಿತ್ತು. ಸುಮ್ನೆ ಸಮಾಧಾನಕ್ಕೆ ಏನೋ ಒಂದು ಹೇಳಲು ಮನಸ್ಸು ಬರಲಿಲ್ಲ. ಓದಿಕೊಂಡು ಎರಡು ದಿನ ಬಿಟ್ಟು ಮಾತಾಡಿದೆ. ಅದೇ ಪ್ರಶ್ನೆ ನಿಮ್ಮಲ್ಲೂ ಹಲವರಿಗೆ ಇರಬಹುದು ಅಂತ ಇಲ್ಲಿ ಬರೆಯುತ್ತಿದ್ದೇನೆ.

ಆಲ್‌ಝೈಮರ್ ಅಂದರೆ ನೆನಪನ್ನು ನಿಧಾನವಾಗಿ ಅಳಿಸುವ ಮಿದುಳಿನ ಕಾಯಿಲೆ, ಮರೆಗುಳಿತನಕ್ಕೆ ಮುಖ್ಯ ಕಾರಣ. ಗಿಂಕ್ಗೊ ಅನ್ನೋದು ಒಂದು ಮರ, ಅದರ ಎಲೆಯ ಸಾರದಿಂದ ಮಾತ್ರೆ ಮಾಡುತ್ತಾರೆ. ಅದನ್ನು ಚೆನ್ನಾಗಿಯೇ ಪರೀಕ್ಷೆ ಮಾಡಿದ್ದಾರೆ. ಅಮೆರಿಕದಲ್ಲಿ 75 ವರ್ಷ ಮತ್ತು ಮೇಲ್ಪಟ್ಟ 3,069 ಜನರನ್ನು ಸುಮಾರು 6 ವರ್ಷ ಗಮನಿಸಿದರು. ಅರ್ಧ ಜನಕ್ಕೆ ದಿನಕ್ಕೆರಡು ಸಲ 120 ಮಿಲಿಗ್ರಾಂ ಗಿಂಕ್ಗೊ ಸಾರ. ಉಳಿದವರಿಗೆ ನೋಡಲು ಹಾಗೇ ಇರುವ, ಔಷಧವಿಲ್ಲದ ಮಾತ್ರೆ. ಯಾರ ಕೈಯಲ್ಲಿ ಯಾವುದಿದೆ ಅಂತ ನುಂಗುವವರಿಗೂ ಗೊತ್ತಿಲ್ಲ, ಪರೀಕ್ಷಿಸುವವರಿಗೂ ಗೊತ್ತಿಲ್ಲ. 2008ರಲ್ಲಿ ಫಲಿತಾಂಶ ಬಂತು. ಗಿಂಕ್ಗೊ ತಗೊಂಡವರಲ್ಲಿ ಕಾಯಿಲೆ ಬಂದವರ ಸಂಖ್ಯೆ ಕಡಿಮೆಯಾಗಿರಲಿಲ್ಲ. 2012ರಲ್ಲಿ ಫ್ರಾನ್ಸಿನ ದೊಡ್ಡ ಪ್ರಯೋಗದಲ್ಲೂ ಅದೇ ಕತೆ. ಇನ್ನೊಂದು ಮಾತು: ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರಿಗೆ ಗಿಂಕ್ಗೊದಿಂದ ರಕ್ತಸ್ರಾವದ ಅಪಾಯ ಜಾಸ್ತಿಯಾಗಬಹುದು.

ಅರಿಶಿನದಲ್ಲಿರುವ ಕರ್ಕ್ಯುಮಿನ್ ಅನ್ನೋ ಅಂಶ ಕಾಯಿಲೆ ತಡೆಯುತ್ತಾ? ಈ ಕಾಯಿಲೆಯಲ್ಲಿ ಮಿದುಳಿನೊಳಗೆ ಅಮಿಲಾಯ್ಡ್ ಅನ್ನೋ ಪ್ರೋಟೀನ್ ಗಂಟುಗಟ್ಟುತ್ತದೆ. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಕರ್ಕ್ಯುಮಿನ್ ಅದನ್ನು ತಡೆಯುತ್ತದೆ, ನಿಜ. ಆದರೆ ನುಂಗಿದಾಗ ಕರುಳು ಅದನ್ನು ಬಹಳ ಕಡಿಮೆ ಹೀರಿಕೊಳ್ಳುತ್ತದೆ. ಒಳಗೆ ಹೋದ ಅಷ್ಟಿಷ್ಟನ್ನೂ ಪಿತ್ತಜನಕಾಂಗ ಬೇಗ ರೂಪ ಬದಲಿಸಿ ಹೊರಗೆ ಕಳಿಸುತ್ತದೆ. ಮಿದುಳಿಗೆ ಮುಟ್ಟೋದು ಎಷ್ಟು? ಸುಲಭವಾಗಿ ಹೀರಿಕೊಳ್ಳುವಂತೆ ಮಾಡಿದ ಕರ್ಕ್ಯುಮಿನ್ ತಗೊಂಡವರ ನೆನಪು ಸ್ವಲ್ಪ ಸುಧಾರಿಸಿತು ಅಂತ 2018ರ ಒಂದು ಪ್ರಯೋಗ ಹೇಳಿತು. ಅದರಲ್ಲಿ ಇದ್ದವರು ಬರೀ 40 ಜನ. ಇಷ್ಟನ್ನೇ ನಂಬಿ ಕಾಯಿಲೆ ತಡೆಯಬಹುದು ಅನ್ನೋದು ತಪ್ಪು.

ಗಿಡದಲ್ಲಿ ಏನೂ ಇಲ್ಲ ಅಂತ ನಾನು ಹೇಳುತ್ತಿಲ್ಲ. ಸ್ನೋಡ್ರಾಪ್ ಅನ್ನೋ ಪುಟ್ಟ ಬಿಳಿ ಹೂವಿನ ಗಿಡದಲ್ಲಿ ಸಿಕ್ಕ ಗ್ಯಾಲಂಟಮೀನ್‌ಗೆ ಆಲ್‌ಝೈಮರ್ ಔಷಧವಾಗಿ 2001ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ವೈದ್ಯರು ಇಂದಿಗೂ ಬರೆದುಕೊಡುತ್ತಾರೆ. ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನ್ ಅನ್ನೋ ಮಿದುಳಿನ ರಾಸಾಯನಿಕ ಬೇಗ ಒಡೆದುಹೋಗದಂತೆ ಅದು ನೋಡಿಕೊಳ್ಳುತ್ತದೆ. ಕೆಲವರಿಗೆ ಒಂದಷ್ಟು ಕಾಲ ಅನುಕೂಲವಾಗುತ್ತದೆ. ಅದು ಕೂಡ ಕಾಯಿಲೆ ಬಾರದಂತೆ ತಡೆಯುವುದಿಲ್ಲ.

ಹಾಗಾದರೆ ತಡೆಯೋದು ಹೇಗೆ? ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಮರೆಗುಳಿತನದ ಅಪಾಯ ಹೆಚ್ಚಿಸುವ 14 ಕಾರಣಗಳನ್ನು ಗುರುತಿಸಿತು. ಅವನ್ನೆಲ್ಲ ಸರಿಪಡಿಸಿದರೆ ಸುಮಾರು 45% ಮರೆಗುಳಿತನವನ್ನು ತಡೆಯಬಹುದು ಅಥವಾ ಮುಂದೂಡಬಹುದು ಅನ್ನೋದು ಅವರ ಅಂದಾಜು. ಬಿಪಿ, ಸಕ್ಕರೆ ಕಾಯಿಲೆ, ಕೊಲೆಸ್ಟರಾಲ್, ಒಂಟಿತನ ಎಲ್ಲ ಅದರಲ್ಲಿವೆ. ಆ ಪಟ್ಟಿಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಕಿವಿ ಮಂದವಾಗುವುದು. ಸರಿಯಾಗಿ ಕೇಳಿಸದಿದ್ದರೆ ಮಾತುಕತೆ ಕಡಿಮೆಯಾಗುತ್ತದೆ, ಮನುಷ್ಯ ಮೂಲೆ ಸೇರುತ್ತಾನೆ.

ಎರಡನೇ ಸಲ ಫೋನ್‌ನಲ್ಲಿ ಮಾತಾಡಿದಾಗ ಆ ಸದಸ್ಯೆಯನ್ನು ಕೇಳಿದೆ: "ಅಮ್ಮನಿಗೆ ಕಿವಿ ಚೆನ್ನಾಗಿ ಕೇಳುತ್ತಾ?" ಆ ಕಡೆ ಸ್ವಲ್ಪ ಹೊತ್ತು ಮೌನ. "ಟಿವಿ ತುಂಬಾ ಜೋರಾಗಿ ಇಡ್ತಾರೆ," ಅಂದರು. ಬಿ12 ಕೊರತೆ, ಥೈರಾಯ್ಡ್ ತೊಂದರೆಯಿಂದಲೂ ಮರೆವು ಬರುತ್ತದೆ, ಅದಕ್ಕೆ ಚಿಕಿತ್ಸೆ ಇದೆ ಅಂತಲೂ ಹೇಳಿದೆ. ಮುಂದಿನ ವಾರ ಅಮ್ಮನ ರಕ್ತ ಪರೀಕ್ಷೆ, ಕಿವಿ ಪರೀಕ್ಷೆ ಎರಡೂ ಇದೆಯಂತೆ.