ಅಮ್ಮನಿಗೆ ವರಾಂಡ ಬಿಟ್ಟುಕೊಡೋಣ

ಹೆಲ್ಸಿಂಕಿ
ಜನವರಿ, ಭಾನುವಾರ

ಪ್ರೀತಿಯ ಅಪ್ಪನಿಗೆ,

ನಮಸ್ಕಾರ. ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ನೀವು ಕಳಿಸಿದ ಎಳ್ಳುಬೆಲ್ಲದ ಪೊಟ್ಟಣ ಬಂತು, ಸಕ್ಕರೆ ಅಚ್ಚು ಒಂದೂ ಮುರಿದಿರಲಿಲ್ಲ. ಪುಟ್ಟಿ ಅಚ್ಚಿನ ಆನೆಯನ್ನು ತಿನ್ನದೆ ಎತ್ತಿಟ್ಟುಕೊಂಡಿದ್ದಾಳೆ.

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನ್ ಮಾಡಿದಾಗ ಅಮ್ಮ ಪಕ್ಕದಲ್ಲೇ ಇರುತ್ತಾಳೆ. "ನನಗ್ಯಾಕೆ ಅದೆಲ್ಲ, ಸುಮ್ನಿರು" ಅಂತ ಮಾತು ಮುಗಿಸಿಬಿಡುತ್ತಾಳೆ. ಅದಕ್ಕೇ ನಿಮಗೊಬ್ಬರಿಗೇ ಬರೆಯುತ್ತಿದ್ದೇನೆ.

ನಮ್ಮ ಮನೆಯ ಮುಂದಿನ ವರಾಂಡವನ್ನು ಅಮ್ಮ ಕೂತು ಓದುವ ಜಾಗ ಮಾಡಬೇಕು ಅಂತ ನನ್ನ ಆಸೆ.

ಸ್ಕೂಟರ್ ಮಾರಿದ ಮೇಲೆ ಆ ಜಾಗ ಯಾರಿಗೂ ಬೇಡವಾಗಿದೆ. ಚಪ್ಪಲಿ ಸ್ಟ್ಯಾಂಡು, ಹಗ್ಗ ಕಟ್ಟಿದ ಪೇಪರಿನ ಕಟ್ಟುಗಳು, ಮಡಚುವ ಮಂಚ, ಟಿವಿ ಬಂದ ರಟ್ಟಿನ ಡಬ್ಬ, ದಸರಾ ಗೊಂಬೆಯ ಎರಡು ಪೆಟ್ಟಿಗೆ. ಬಂದವರು ಚಪ್ಪಲಿ ಬಿಟ್ಟು ನೇರ ಹಾಲಿಗೆ ನಡೆಯುತ್ತಾರೆ. ಅಲ್ಲಿ ಕೂರುವವರು ಯಾರೂ ಇಲ್ಲ. ಆದರೆ ಅಜ್ಜ ಅದನ್ನು ಕಟ್ಟಿಸಿದ್ದೇ ಕೂರೋಕೆ ಅಲ್ವಾ? 1898ರ ಪ್ಲೇಗ್ ಆದ ಮೇಲೆ ಬೆಂಗಳೂರಿನಲ್ಲಿ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳನ್ನು ಬೆಳೆಸಿದರು. ಗಾಳಿ ಬೆಳಕು ಆಡುವ ಹಾಗೆ ಅಗಲ ರಸ್ತೆ, ಮನೆ ಸುತ್ತ ಜಾಗ. ಕಿಟಕಿಯ ಮೇಲೆ ಮರದ ಚೂಪು ಮಾಡು ಇರುವ, ಆ ಕಾಲದ ಮಂಕಿಟಾಪ್ ಮನೆಗಳಿಗೆಲ್ಲ ಮುಂದೆ ವರಾಂಡ ಇರುತ್ತಿತ್ತು. ಅಜ್ಜ ಎಷ್ಟೋ ವರ್ಷ ಆದಮೇಲೆ ಮನೆ ಕಟ್ಟಿಸಿದರೂ ಆ ಪದ್ಧತಿ ಬಿಡಲಿಲ್ಲ. ರೆಡ್ ಆಕ್ಸೈಡ್ ನೆಲ ಇವತ್ತಿಗೂ ಹೊಳೆಯುತ್ತದೆ, ಪೇಪರಿನ ಕಟ್ಟು ಎತ್ತಿದರೆ ಕಾಣುತ್ತದೆ.

ಅಮ್ಮ ಎಲ್ಲಿ ಕೂತು ಓದುತ್ತಾಳೆ ಅಂತ ನೀವು ಯಾವತ್ತಾದರೂ ನೋಡಿದ್ದೀರಾ ಅಪ್ಪ? ಕುಕ್ಕರ್ ಕೂಗುವವರೆಗೆ ಅಡುಗೆಮನೆಯ ಸ್ಟೂಲ್ ಮೇಲೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಮಂಚದ ತುದಿಯಲ್ಲಿ, ನಿಮ್ಮ ಕಣ್ಣಿಗೆ ಬೆಳಕು ಬೀಳಬಾರದು ಅಂತ ಗೋಡೆ ಕಡೆ ತಿರುಗಿಕೊಂಡು. ಹಾಲಿನಲ್ಲಿ ಟಿವಿ. ಮೇಜಿನ ಮೇಲೆ ನಿಮ್ಮ ಬ್ಯಾಂಕಿನ ಕಾಗದಗಳು. ನನ್ನ ರೂಮು ಈಗ ನೆಂಟರ ರೂಮು. ಸುಧಾ, ಮಯೂರ ಪತ್ರಿಕೆ ಬಂದರೆ ಒಂದು ಕಥೆಯನ್ನು ಮೂರು ನಾಲ್ಕು ಸಲಕ್ಕೆ ಓದಿ ಮುಗಿಸುತ್ತಾಳೆ. ಹಗಲಲ್ಲಿ ಗೇಟಿನ ಸದ್ದಾದರೆ ಪುಸ್ತಕವನ್ನು ದಿಂಬಿನ ಕೆಳಗೆ ತಳ್ಳಿ ಏಳುತ್ತಾಳೆ. ಕೆಲಸ ಬಿಟ್ಟು ಓದುತ್ತಾ ಕೂತಿದ್ದಾಳೆ ಅಂತ ಯಾರಾದರೂ ಅಂದಾರು ಅನ್ನುವ ಅಳುಕು. ಯಾರೂ ಹಾಗೆ ಅನ್ನುವುದಿಲ್ಲ, ನೀವಂತೂ ಅಂದಿಲ್ಲ. ಆದರೂ ಆ ಅಳುಕು ಹೋಗಿಲ್ಲ.

ಇಲ್ಲಿ ರೈಲ್ವೆ ನಿಲ್ದಾಣದ ಹತ್ತಿರ ಊಡಿ ಅಂತ ಒಂದು ಲೈಬ್ರರಿ ಇದೆ. 2018ರ ಡಿಸೆಂಬರಿನಲ್ಲಿ ಶುರುವಾಯಿತು. ಎದುರಿಗೇ ಪಾರ್ಲಿಮೆಂಟ್ ಕಟ್ಟಡ. ಮೇಲಿನ ಮಹಡಿಯ ತುಂಬ ಗಾಜು, ಪುಸ್ತಕದ ಕಪಾಟುಗಳ ನಡುವೆ ನಿಜವಾದ ಗಿಡಗಳು. ಅಮ್ಮನ ವಯಸ್ಸಿನ ಹೆಂಗಸರು ಮಧ್ಯಾಹ್ನ ಬಂದು ಕೋಟು ಬಿಚ್ಚಿ, ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಓದುತ್ತಾರೆ. ಯಾರೂ ಅವರನ್ನು ಕರೆಯುವುದಿಲ್ಲ. ಕಾಫಿ ಕೇಳುವುದಿಲ್ಲ. ಅವರನ್ನು ನೋಡಿದಾಗಲೆಲ್ಲ ನನಗೆ ಅಮ್ಮ ನೆನಪಾಗುತ್ತಾಳೆ. ಅಷ್ಟು ದೊಡ್ಡ ಲೈಬ್ರರಿ ಅಮ್ಮನಿಗೆ ಬೇಕಿಲ್ಲ. ಯಾರೂ ಎಬ್ಬಿಸದ ಒಂದು ಕುರ್ಚಿ ಸಾಕು.

ಬೆಳಕಿನ ಬೆಲೆಯೂ ನನಗೆ ಇಲ್ಲಿಗೆ ಬಂದ ಮೇಲೇ ಗೊತ್ತಾಗಿದ್ದು. ಡಿಸೆಂಬರಿನ ಕೊನೆಯ ವಾರಗಳಲ್ಲಿ ಇಲ್ಲಿ ಹಗಲು ಆರು ಗಂಟೆಯೂ ಇರುವುದಿಲ್ಲ. ಮಧ್ಯಾಹ್ನ ಮೂರೂಕಾಲಿಗೆಲ್ಲ ಸೂರ್ಯ ಮುಳುಗಿರುತ್ತಾನೆ. ಬೆಂಗಳೂರಿನಲ್ಲಿ ವರ್ಷದ ಅತಿ ಚಿಕ್ಕ ಹಗಲೂ 11 ಗಂಟೆಗಿಂತ ಜಾಸ್ತಿ. ನಮ್ಮ ವರಾಂಡ ಉತ್ತರಕ್ಕೆ ಮುಖ ಮಾಡಿದೆ, ಓದೋಕೆ ಅದಕ್ಕಿಂತ ಒಳ್ಳೆಯ ದಿಕ್ಕಿಲ್ಲ. ಬಿಸಿಲು ನೇರ ಬೀಳದೆ ದಿನವಿಡೀ ಒಂದೇ ಹದದ ಬೆಳಕು ಬರುತ್ತದೆ. ಪುಟದ ಮೇಲೆ ಕಣ್ಣು ಕುಕ್ಕುವುದಿಲ್ಲ, ಪುಸ್ತಕದ ಬೆನ್ನಿನ ಬಣ್ಣವೂ ಬೇಗ ಮಾಸುವುದಿಲ್ಲ. ಏಪ್ರಿಲ್ ಕೊನೆಯಿಂದ ಆಗಸ್ಟ್‌ವರೆಗೆ ಮಾತ್ರ ಸೂರ್ಯ ಉತ್ತರಕ್ಕೆ ವಾಲಿರುವುದರಿಂದ ಬೆಳಿಗ್ಗೆ, ಸಂಜೆ ಓರೆ ಬಿಸಿಲು ಒಳಗೆ ಬರುತ್ತದೆ. ಅದಕ್ಕೆ ಗ್ರಿಲ್ಲಿಗೆ ಬಿದಿರಿನ ಪರದೆ, ಅದೇ ಚಿಕ್, ಹಾಕಿಸಿದರೆ ಆಯಿತು.

ಚಿಕ್ ಬೇಕು ಅನ್ನೋದಕ್ಕೆ ಬಿಸಿಲಿಗಿಂತ ದೊಡ್ಡ ಕಾರಣ ಇನ್ನೊಂದಿದೆ. ರಸ್ತೆಯಲ್ಲಿ ಹೋಗುವವರಿಗೆ ಅಮ್ಮ ಕಾಣಬಾರದು. ಕಂಡರೆ ಮಾತಾಡಿಸುತ್ತಾರೆ, ಮಾತಾಡಿಸಿದರೆ ಅಮ್ಮ ಏಳುತ್ತಾಳೆ. ಗ್ರಿಲ್ಲಿನ ಕೆಳಗಿನ ಅರ್ಧ ಮುಚ್ಚಿ ಮೇಲಿನ ಅರ್ಧ ಬಿಟ್ಟರೆ ಬೆಳಕು ಅಷ್ಟೇನೂ ಕಡಿಮೆಯಾಗುವುದಿಲ್ಲ. ಮೇಲಿನ ಬೆಳಕೇ ಕೋಣೆಯೊಳಗೆ ದೂರ ಹೋಗುವುದು. ಒಳಗೋಡೆಗೆ ಬಿಳಿ ಬಣ್ಣ ಹೊಡೆಸಿ, ಈಗಿನ ಹಸಿರು ಬಣ್ಣ ಬೆಳಕನ್ನೆಲ್ಲ ನುಂಗುತ್ತದೆ.

ಸಂಜೆಗೆ ದೀಪದ ವಿಷಯ. ವಯಸ್ಸಾದಂತೆ ಪಾಪೆ ಚಿಕ್ಕದಾಗುತ್ತದೆ, ಕಣ್ಣಿನ ಮಸೂರ ಹಳದಿಯಾಗುತ್ತದೆ. ಇಪ್ಪತ್ತರ ಕಣ್ಣಿನೊಳಗೆ ಹೋಗುವ ಬೆಳಕಿನಲ್ಲಿ ಅರವತ್ತರ ಕಣ್ಣಿಗೆ ಸಿಗುವುದು ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು ಅಂತಾರೆ. ಅಮ್ಮ "ಅಕ್ಷರ ಸಣ್ಣ" ಅನ್ನುವುದೆಲ್ಲ ಕನ್ನಡಕದ ತೊಂದರೆಯೇ ಇರಬೇಕಿಲ್ಲ, ಎಷ್ಟೋ ಸಲ ಬೆಳಕು ಸಾಲದೆಯೂ ಹಾಗಾಗುತ್ತದೆ. ಚಾವಣಿಯ ಟ್ಯೂಬ್‌ಲೈಟ್ ನಂಬಬೇಡಿ, ಅಮ್ಮನ ತಲೆಯ ನೆರಳೇ ಪುಟದ ಮೇಲೆ ಬೀಳುತ್ತದೆ. ಕುರ್ಚಿಯ ಹಿಂದೆ, ಎಡ ಭುಜದ ಮೇಲಿಂದ ಬೆಳಕು ಬರುವ ಹಾಗೆ ಒಂದು ಉದ್ದ ಕಾಲಿನ ದೀಪ ಇಡಿ. 9 ವ್ಯಾಟಿನ ಎಲ್‌ಇಡಿ ಬಲ್ಬು ಸಾಕು. ಡಬ್ಬದ ಮೇಲೆ 2700 ಅಥವಾ 3000 ಕೆ ಅಂತ ಇರಲಿ, ಅದು ಹಳದಿ ಬೆಳಕು. 6500 ಬೇಡ, ಅದು ಆಸ್ಪತ್ರೆಯ ಬಿಳುಪು. ಬಿವಿಕೆ ಅಯ್ಯಂಗಾರ್ ರಸ್ತೆಯಲ್ಲಿ ಎಲ್ಲ ಬಗೆಯೂ ಸಿಗುತ್ತದೆ.

ಈಗ ಕುರ್ಚಿ. ಅಟ್ಟದ ಮೇಲಿರುವ ಅಜ್ಜನ ಈಸಿಚೇರ್ ಇಳಿಸೋಣ ಅಂತ ನೀವು ಹೇಳುತ್ತೀರಿ, ನನಗೆ ಗೊತ್ತು. ನನಗೂ ಅದರ ಮೇಲೆ ತುಂಬ ಪ್ರೀತಿ. ಆದರೆ ಅಮ್ಮನ ಮಂಡಿಗೆ ಅದು ಆಗುವುದಿಲ್ಲ. ಅಷ್ಟು ತಗ್ಗಿನಿಂದ ಏಳಬೇಕಾದರೆ ಭಾರವೆಲ್ಲ ಮಂಡಿಯ ಮೇಲೆ ಬೀಳುತ್ತದೆ. ಎರಡೂ ಕಡೆ ಕೈ ಇರುವ, ಬೆನ್ನು ಎತ್ತರವಾಗಿರುವ ಬೆತ್ತದ ಕುರ್ಚಿ ಬೇಕು. ಕೂತರೆ ಅಂಗಾಲು ಪೂರ್ತಿ ನೆಲಕ್ಕೆ ತಾಗಬೇಕು. ಅಮ್ಮನ ಎತ್ತರಕ್ಕೆ ಕೂರುವ ಜಾಗ ನೆಲದಿಂದ 16 ಇಂಚಿನ ಆಸುಪಾಸು ಇದ್ದರೆ ಸರಿ. ಬ್ಯಾಂಬೂ ಬಜಾರಿಗೆ ಅಮ್ಮನನ್ನೂ ಕರೆದುಕೊಂಡು ಹೋಗಿ. ಚಿಕ್ ಮಾಡಲು ಹೇಳಿಬರಬಹುದು, ಕುರ್ಚಿಯನ್ನೂ ನೋಡಬಹುದು. ಅಮ್ಮ ಕೂತು ನೋಡದೆ ಕುರ್ಚಿ ತರಬೇಡಿ. ಬೆನ್ನಿಗೆ ಹತ್ತಿಯ ದಿಂಬು, ಮೇಲೆ ಹುಬ್ಬಳ್ಳಿ ಅಜ್ಜಿ ಹೊಲಿದ ಕೌದಿ. ಆ ಕೌದಿ ಬೀರುವಿನಲ್ಲಿ ಮಡಚಿಟ್ಟೇ ಇದೆ, ಅದರಲ್ಲಿ ಅಮ್ಮನ ಮದುವೆ ಕಾಲದ ಸೀರೆಗಳ ತುಂಡುಗಳಿವೆ. ಕಾಲು ಚಾಚೋಕೆ ಒಂದು ಗಿಡ್ಡ ಬೆತ್ತದ ಸ್ಟೂಲು. ಪಕ್ಕದಲ್ಲಿ ಕಾಫಿ ಲೋಟ, ಕನ್ನಡಕ ಇಡುವಷ್ಟು ಪುಟ್ಟ ಮೇಜು.

ಪುಸ್ತಕದ ಕಪಾಟು ನೀವೇ ನಿಂತು ಮಾಡಿಸಬೇಕು, ಅಳತೆಯಲ್ಲಿ ನಿಮ್ಮಷ್ಟು ಕಟ್ಟುನಿಟ್ಟು ಬಡಗಿಗೂ ಇರುವುದಿಲ್ಲ. ಕನ್ನಡ ಪುಸ್ತಕಗಳು ಹೆಚ್ಚಾಗಿ ಡೆಮ್ಮಿ 1/8 ಅಳತೆ, ಅಂದರೆ ಎಂಟೂವರೆ ಇಂಚು ಎತ್ತರ, ಐದೂವರೆ ಇಂಚು ಅಗಲ. ಹಳೆಯ ಕಾದಂಬರಿಗಳು ಕ್ರೌನ್ ಅಳತೆ, ಇನ್ನೂ ಚಿಕ್ಕವು. ಹಾಗಾಗಿ ಹಲಗೆಗಳ ನಡುವೆ 10 ಇಂಚು, ಆಳ 8 ಇಂಚು ಸಾಕು. ಆಳ ಜಾಸ್ತಿ ಆದರೆ ಎರಡು ಸಾಲು ಜೋಡಿಸುತ್ತೇವೆ, ಹಿಂದಿನ ಸಾಲನ್ನು ಯಾರೂ ಮುಟ್ಟುವುದಿಲ್ಲ. ಹಲಗೆ ಮುಕ್ಕಾಲು ಇಂಚಿನ ಪ್ಲೈವುಡ್ ಇರಲಿ, ನಡುವೆ ಆಸರೆ ಇಲ್ಲದೆ ಎರಡೂವರೆ ಅಡಿಗಿಂತ ಉದ್ದ ಬೇಡ. ಪುಸ್ತಕದ ಭಾರಕ್ಕೆ ಹಲಗೆ ನಡುವೆ ಬಗ್ಗಿಬಿಡುತ್ತದೆ. ನೆಲ ಒರೆಸುವಾಗ ನೀರು ತಾಗದ ಹಾಗೆ ಕೆಳಗೆ ಆರು ಇಂಚು ಎತ್ತರಿಸಿ. ಮೇಲಿನ ಹಲಗೆ ಅಮ್ಮನ ಕೈಗೆ ಎಟುಕಬೇಕು.

ಕಪಾಟು ಒಳಗೋಡೆಗೇ ಇರಲಿ, ಗ್ರಿಲ್ಲಿನ ಹತ್ತಿರ ಬೇಡ. ನಮ್ಮೂರಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ಮಳೆ ಜಾಸ್ತಿ, ಇರಚಲು ಒಳಗೆ ಹೊಡೆಯುತ್ತದೆ. ಗೋಡೆಗೆ ಪೂರ್ತಿ ಅಂಟಿಸದೆ ಒಂದು ಇಂಚು ಬಿಟ್ಟರೆ ಗಾಳಿ ಆಡುತ್ತದೆ, ಬೂಷ್ಟು ಹಿಡಿಯುವುದಿಲ್ಲ. ಗೆದ್ದಲಿಗೆ ಆ ಪೇಪರಿನ ಕಟ್ಟುಗಳೇ ಮೊದಲ ಊಟ, ಅವನ್ನು ಈ ವಾರವೇ ರದ್ದಿಗೆ ಹಾಕಿಬಿಡಿ. ಸಿಲ್ವರ್‌ಫಿಶ್ ಹುಳ ಬರುವುದು ಬೈಂಡಿಂಗಿನ ಗೋಂದಿಗೆ. ಒಣಗಿದ ಬೇವಿನ ಎಲೆ ಇಡುವವರು ಇಡುತ್ತಾರೆ, ಇಡಿ. ಆದರೆ ಪುಸ್ತಕಗಳನ್ನು ಆಗಾಗ ತೆಗೆದು ಧೂಳು ಹೊಡೆದು, ನೆರಳಿನಲ್ಲಿ ಗಾಳಿಗೆ ಬಿಚ್ಚಿಡುವುದೇ ನಿಜವಾದ ಔಷಧಿ. ಮಂಚದ ಕೆಳಗಿನ ಟ್ರಂಕಿನಲ್ಲಿ ಅಮ್ಮನ ಪುಸ್ತಕಗಳಿಗೆ ಗಾಳಿಯೇ ಇಲ್ಲ. ಎಷ್ಟು ವರ್ಷದಿಂದ ಅವಕ್ಕೆ ಒಂದು ಕಪಾಟು ಇಲ್ಲ ಅಂತ ಯೋಚಿಸಿದರೆ ಹೊಟ್ಟೆ ಕಿವುಚುತ್ತದೆ.

ಸೊಳ್ಳೆಗೆ ಗ್ರಿಲ್ಲಿನ ಒಳಗಡೆ ಜಾಲರಿ ಹಾಕಿಸಿ. ಚಪ್ಪಲಿ ಸ್ಟ್ಯಾಂಡು ಸಂಪಿನ ಪಕ್ಕದ ಓಣಿಗೆ ಹೋಗಲಿ, ಗೊಂಬೆ ಪೆಟ್ಟಿಗೆ ಅಟ್ಟಕ್ಕೆ. ಮಂಚವನ್ನು ಅಣ್ಣ ತೆಗೆದುಕೊಂಡು ಹೋಗುತ್ತಾನೆ, ಅತ್ತಿಗೆಗೆ ಹೇಳಿದ್ದೇನೆ.

ಇಷ್ಟೆಲ್ಲ ಮಾಡಿದರೂ ನೀವು ಒಂದು ಮಾಡದಿದ್ದರೆ ಆ ಕುರ್ಚಿ ಖಾಲಿಯೇ ಉಳಿಯುತ್ತದೆ ಅಪ್ಪ. ಮಧ್ಯಾಹ್ನ ಮೂರರಿಂದ ಐದು ಅಮ್ಮನದು. ಗೇಟಿನ ಸದ್ದಾದರೆ ನೀವು ಏಳಿ. ಕೊರಿಯರ್ ಬಂದರೆ ನೀವು ಸಹಿ ಹಾಕಿ. ಕಾಫಿ ಬೇಕಾದರೆ ಫಿಲ್ಟರಿನಲ್ಲಿ ಡಿಕಾಕ್ಷನ್ ಇರುತ್ತದೆ, ಹಾಲು ಕಾಯಿಸಿ ಅಮ್ಮನಿಗೂ ಒಂದು ಲೋಟ ತಂದುಕೊಡಿ. "ಕನ್ನಡಕ ಎಲ್ಲಿಟ್ಟೆ", "ಕರೆಂಟ್ ಬಿಲ್ ಎಲ್ಲಿದೆ" ಅನ್ನುವುದೆಲ್ಲ ಐದರ ಮೇಲೆ ಕೇಳಿ. ಮೊದಲ ಕೆಲವು ದಿನ ಅಮ್ಮನೇ ನಡುವೆ ಎದ್ದು ಒಳಗೆ ಬರುತ್ತಾಳೆ. ಆಗ ಕೆಲಸ ಹೇಳಬೇಡಿ. ಯಾವ ಪುಸ್ತಕ, ಎಲ್ಲಿಗೆ ಬಂತು ಅಂತ ಕೇಳಿ. ನೀವು ಕೇಳಿದರೆ ಅಮ್ಮನಿಗೆ ಎಷ್ಟು ಸಂತೋಷ ಆಗುತ್ತದೆ ಅಂತ ನಿಮಗೆ ಗೊತ್ತಿಲ್ಲ. ನನಗೆ ಫೋನಿನಲ್ಲಿ ಕಥೆ ಹೇಳುವಾಗ ಅವಳ ದನಿಯೇ ಬೇರೆ ಇರುತ್ತದೆ.

ಕಪಾಟು ಆದ ಮೇಲೆ ಗಾಂಧಿ ಬಜಾರಿನ ಅಂಕಿತ ಪುಸ್ತಕದಂಗಡಿಯಲ್ಲಿ ಅಮ್ಮನಿಗೆ ಬೇಕಾದ್ದನ್ನು ಅವಳೇ ಆರಿಸಿಕೊಳ್ಳಲಿ. ಒಂದು ದಿನ ಕಬ್ಬನ್ ಪಾರ್ಕಿನ ಕೆಂಪು ಲೈಬ್ರರಿಗೂ ಇಬ್ಬರೂ ಹೋಗಿ ಬನ್ನಿ. ಅಮ್ಮ ಮದುವೆಗೆ ಮುಂಚೆ ಅಲ್ಲಿಗೆ ಹೋಗುತ್ತಿದ್ದಳಂತೆ.

ಖರ್ಚು ನನ್ನದು, ಅದರ ಬಗ್ಗೆ ಮಾತು ಬೇಡ. ವರಾಂಡದ ಉದ್ದ ಅಗಲ, ಗ್ರಿಲ್ಲಿನ ಎತ್ತರ, ಮೂರನ್ನೂ ಅಡಿ ಇಂಚಿನಲ್ಲಿ ಬರೆದು ಕಳಿಸಿ. ಬೆಳಿಗ್ಗೆ ಹನ್ನೊಂದಕ್ಕೆ ಒಂದು, ಸಂಜೆ ನಾಲ್ಕಕ್ಕೆ ಒಂದು ಫೋಟೋ ತೆಗೆಯಿರಿ, ಕುರ್ಚಿ ಯಾವ ಮೂಲೆಗೆ ಅಂತ ನೋಡಿ ಹೇಳುತ್ತೇನೆ. ನಿಮ್ಮ ಬಿಪಿ ಮಾತ್ರೆ ತಪ್ಪಿಸಬೇಡಿ.

ನಿಮ್ಮ ಮಗಳು,
ಸುಮ